ಬೆನ್ನೊಳಗೆ ಗವಿ ಇದ್ದ ನಕಾಶಿ ಟೀಚರ್

ಮೊನ್ನೆ ಪಕ್ಕದ ಮನೆಯ ಹುಡುಗಿ ಕಟ್ಟೆಯ ಮೇಲೆ ಕೂತು ಕರ್ನಾಟಕದ ನಕ್ಷೆ ಬರೆಯುತ್ತಿದ್ದಳು. ಮಂಗಳೂರಿನ ಕಡೆಯಿಂದ ಶುರು ಮಾಡಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು, "ಅಲ್ಲಿಂದ ಯಾರು ಶುರು ಮಾಡ್ತಾರ? ಮ್ಯಾಲಿಂದ, ನಮ್ಮ ಔರಾದಿಂದ ಹೊಂಡು!" ಎಂದು ಗದರಿಬಿಟ್ಟೆ. ಪಾಪ, ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಗಣಿತ ಕಲಿಸಿ ನಿವೃತ್ತಳಾದ ಮುದುಕಿಗೆ ನಕ್ಷೆಯ ಉಸಾಬರಿ ಯಾಕೆ ಎಂದುಕೊಂಡಿರಬೇಕು. ಆ ಉಸಾಬರಿ ನನ್ನದಲ್ಲ, ನಕಾಶಿ ಟೀಚರದು. ಅವರು ಹೋಗಿ ವರ್ಷಗಳಾದವು, ಉಸಾಬರಿ ಮಾತ್ರ ನನ್ನ ಕೊರಳಿಗೆ ಬಿದ್ದಿದೆ.

ಅವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಮುಡಬಿ ಕಡೆಯ ಒಂದಿಬ್ಬರಾದರೂ ತೆಂಗಿನಕಾಯಿ, ಊದಿನಕಡ್ಡಿ ಹಿಡಿದುಕೊಂಡು ಹುಮನಾಬಾದಿನ ಬಸ್ಸು ಹತ್ತಿಯಾರು ಎಂಬ ಭಯ ಇವತ್ತಿಗೂ ಇದೆ. ಆ ಕತೆ ಆಮೇಲೆ ಬರುತ್ತದೆ. ನಮ್ಮ ಕಡೆ ನಕ್ಷೆಗೆ ನಕಾಶಿ ಅನ್ನುತ್ತಾರೆ, ಸಾಲೆಯ ಹುಡುಗಿಯರು ಅವರನ್ನು ನಕಾಶಿ ಟೀಚರ್ ಎನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತೇನೆ.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಬಸವಕಲ್ಯಾಣದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಕಲಿಸುತ್ತಿದ್ದೆವು. ನಾನು ಗಣಿತ, ಅವರು ಭೂಗೋಳ. ಇಬ್ಬರ ಮನೆಯೂ ಹುಮನಾಬಾದಿನಲ್ಲಿ. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಕಿಟಕಿಯ ಸೀಟು ಅವರದು, ಅವರ ಹೆಗಲು ನನ್ನದು. ಬಸ್ಸು ಹೆದ್ದಾರಿ ಹಿಡಿಯುವ ಮೊದಲೇ ನನಗೆ ತೂಕಡಿಕೆ ಬರುತ್ತಿತ್ತು. ಅವರು ಎತ್ತರದ, ತೆಳ್ಳನೆಯ ಹೆಂಗಸು. ಹೆಗಲ ಎಲುಬು ಒತ್ತುತ್ತಿತ್ತು, ಆದರೂ ಅಂಥ ನಿದ್ದೆ ನನಗೆ ಮನೆಯ ಹಾಸಿಗೆಯಲ್ಲೂ ಬಂದದ್ದಿಲ್ಲ. ನಿದ್ದೆಯೊಳಗೆ ಅವರ ಮಾತು ಕೇಳುತ್ತಿರುತ್ತಿತ್ತು. "ಈ ಕರಿ ಹೊಲದ ಬುಡಕ್ಕ ಕರಿ ಕಲ್ಲು ಅದ್ರಿ. ಒಂದು ಕಾಲಕ್ಕ ಅದು ಬೆಂಕಿ ಆಗಿ ಹರದದ. ಈಗ ಆರ್ಯದ. ಆರಿದ ಬೆಂಕಿ ಮ್ಯಾಲ ಹೊಂಟೇವಿ ನೋಡ್ರಿ ನಾವು." ಅರ್ಧ ಎಚ್ಚರದಲ್ಲಿ ಕೇಳಿದ್ದಕ್ಕೋ ಏನೋ, ಆ ರಸ್ತೆ ನನ್ನ ನೆನಪಿನಲ್ಲಿ ರಸ್ತೆಯಂತೆ ಉಳಿದಿಲ್ಲ. ತೊಗರಿ ಹೊಲಗಳ ಮೇಲೆ ಮಂಜು, ಮಂಜಿನ ಮೇಲೆ ನಮ್ಮ ಬಸ್ಸು, ಕೆಳಗೆಲ್ಲೋ ಆಳದಲ್ಲಿ ತಣ್ಣಗಾದ ಬೆಂಕಿ.

ಚಳಿಗಾಲದಲ್ಲಿ ಕಿಟಕಿಯ ಗಾಜಿಗೆ ಹಬೆ ಹಿಡಿದರೆ ಅವರು ಬೆರಳಿನಿಂದ ನಕ್ಷೆ ಬರೆಯುತ್ತಿದ್ದರು. ರಾಜ್ಯದ ನೆತ್ತಿಯಲ್ಲಿರುವ ಔರಾದಿನಿಂದ ಹೊರಟು, ಬೀದರ ಇಳಿದು, ರಾಯಚೂರು, ಬಳ್ಳಾರಿ, ಕೋಲಾರ ಸುತ್ತಿ, ಕೊಡಗು ದಾಟಿ, ಸಮುದ್ರದ ದಂಡೆ ಹಿಡಿದು ಮೇಲಕ್ಕೆ ಬಂದು, ಬೆಳಗಾವಿ, ಬಿಜಾಪುರ, ಆಳಂದ, ನಮ್ಮ ಕಲ್ಯಾಣ, ಭಾಲ್ಕಿ, ಮತ್ತೆ ಔರಾದಿಗೆ. ಬೆರಳು ಒಮ್ಮೆಯೂ ಎತ್ತುತ್ತಿರಲಿಲ್ಲ. ಗೆರೆ ಕೂಡಿದ ಮೇಲೆ ನನ್ನ ಮೊಣಕೈ ಅಲುಗಿಸುತ್ತಿದ್ದರು. "ಏಳ್ರಿ, ಕಲ್ಯಾಣ ಬಂತು. ಇಳೀರಿ, ಸಾಲಿ ಹೊತ್ತಾಗ್ತದ." ದಿನಾಲೂ ಅದೇ ಮಾತು. ಒಮ್ಮೆ ಭಾನುವಾರ ಇಬ್ಬರೂ ಮದುವೆಗೆಂದು ಕಲ್ಯಾಣಕ್ಕೆ ಹೋದಾಗಲೂ "ಸಾಲಿ ಹೊತ್ತಾಗ್ತದ" ಎಂದರು. ರೇಷ್ಮೆ ಸೀರೆಯಲ್ಲಿದ್ದ ನಾನು ಗಾಬರಿಯಿಂದ ಚೀಲ ಹುಡುಕಿದೆ.

ಬೋರ್ಡಿನ ಮೇಲೂ ಅವರದು ಒಂದೇ ಗೆರೆ. ಖಡು, ಅಂದರೆ ಸೀಮೆಸುಣ್ಣ, ಹಿಡಿದ ಕೈ ಬೋರ್ಡಿಗೆ ತಾಗಿತೆಂದರೆ ನಕ್ಷೆ ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಕಾರಿಡಾರಿನಲ್ಲಿ ಹೋಗುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕಂಪಾಸಿಲ್ಲದೆ ವೃತ್ತ ಬರೆಯಲಾಗದ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. "ಗೆರಿ ಕೂಡಬೇಕು. ಹೊಂಟಲ್ಲಿಗೇ ಬರಬೇಕು," ಇದು ಅವರ ಕಾಯಿದೆ. ಮೋರಖಂಡಿಯ ಹುಡುಗಿ ಯಾರೋ "ನಮ್ಮೂರು ಎಲ್ಲದ್ರಿ ಟೀಚರ್?" ಎಂದರೆ ಖಡುವಿನಿಂದ ಒಂದು ಚುಕ್ಕೆ ಒತ್ತಿ, "ಇಲ್ಲಿ ನೀ ಅದಿ ನೋಡು" ಎನ್ನುತ್ತಿದ್ದರು. ಊರಿನ ಹೆಸರು ಹೇಳುತ್ತಿರಲಿಲ್ಲ. ಹುಡುಗಿ ಆ ದಿನವೆಲ್ಲ ಬೋರ್ಡು ಒರೆಸಗೊಡುತ್ತಿರಲಿಲ್ಲ, ಮುಂದಿನ ತಾಸು ನಾನು ಬೀಜಗಣಿತ ಎಲ್ಲಿ ಬರೆಯಬೇಕು ಹೇಳಿ.

ಒಂದು ಬೇಸಿಗೆಯಲ್ಲಿ ಅವರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ಆ ಕಣ್ಣು, ಒಮ್ಮೆ ಈ ಕಣ್ಣು ಮುಚ್ಚಿ ನೋಡುತ್ತಿದ್ದರು. "ಈ ಕಣ್ಣಿಗೆ ಬಸ್ಸಿನ ಕೆಂಪು ಒಗದು ಒಗದು ಬಣ್ಣ ಹೋದಂಗ ಕಾಣ್ತದ್ರಿ" ಎಂದರು. ಕಣ್ಣಿನ ಡಾಕ್ಟರು ನರ ಬಾತಿದೆ ಎಂದು ಗುಳಿಗೆ ಕೊಟ್ಟರು, ಕೆಂಪು ಮರಳಿ ಬಂತು, ನಾವು ಮರೆತೆವು. ಮರುವರ್ಷ ಕಾಲು ಶುರುವಾಯಿತು. ಬಿಸಿಲಲ್ಲಿ ಸ್ಟ್ಯಾಂಡಿನಿಂದ ಸಾಲೆಗೆ ನಡೆದರೆ ಕಾಲು ಹತ್ತಿಯಂತಾಗಿ, ಕಣ್ಣ ಮುಂದೆ ಮಂಜು ಕವಿಯುತ್ತಿತ್ತು. ನೆರಳಲ್ಲಿ ಕೂತು ತಣ್ಣೀರು ಹಾಕಿಕೊಂಡರೆ ಎಲ್ಲ ತಿಳಿಯಾಗುತ್ತಿತ್ತು. ಕುತ್ತಿಗೆ ಬಗ್ಗಿಸಿದರೆ ಬೆನ್ನುದ್ದಕ್ಕೂ ಮಿಂಚು ಹರಿಯುತ್ತದೆಂದೂ ಹೇಳಿದರು. "ನಮ್ಮ ಓಣ್ಯಾಗ ಇರಲಾರದ ಕರೆಂಟು ನನ್ನ ಬೆನ್ನಾಗ ಬಂದದ," ಎಂದು ನಕ್ಕರು. ನಾನು ನಗಲಿಲ್ಲ. "ದವಾಖಾನಿಗಿ ನಡ್ರಿ ಮೊದಲ" ಎಂದು ಜಗಳ ತೆಗೆದೆ. ಇಲ್ಲಿನ ಡಾಕ್ಟರುಗಳು ರಕ್ತ ಕಡಿಮೆ ಅಂದರು, ಶಕ್ತಿಯ ಸೂಜಿ ಚುಚ್ಚಿದರು, ಬಿಸಿಲಿಗೆ ಹೋಗಬೇಡಿ ಅಂದರು. ಬೀದರ ಜಿಲ್ಲೆಯಲ್ಲಿ ಹುಟ್ಟಿದವರು ಏಪ್ರಿಲ್ಲಿನಲ್ಲಿ ಬಿಸಿಲು ಬಿಟ್ಟು ಎಲ್ಲಿಗೆ ಹೋಗಬೇಕೋ!

ಅವರು ಹೋದದ್ದು ಗವಿಗೆ. ಕಲ್ಯಾಣದಲ್ಲಿ ಗವಿಗಳಿಗೆ ಬರವಿಲ್ಲ. ಶರಣರ ಹೆಸರಿನ ಗವಿಗಳಿಗೆ ಜನ ಹೋಗುತ್ತಾರೆ. ಅವುಗಳಿಂದ ದೂರಕ್ಕೆ, ಸಾಲೆಯ ಹಿಂದಿನ ದಿಬ್ಬದ ಕೆಳಗೆ, ಯಾರ ಹೆಸರೂ ಇಲ್ಲದ ಸಣ್ಣದೊಂದು ಗವಿ ಇತ್ತು. ಬೇಸಿಗೆಯಲ್ಲಿ ಸಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು, ನಮ್ಮ ಬಸ್ಸು ಸಂಜೆಗೆ. ಆ ನಡುವಿನ ಹೊತ್ತಿನಲ್ಲಿ ಅವರು ಗವಿಯ ಕಲ್ಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಬಾಗಿಲ ಬೆಳಕಿನಲ್ಲಿ ಪೇಪರು ತಿದ್ದುತ್ತಿದ್ದೆ. ಹೊರಗೆ ಕಲ್ಯಾಣವೆಂಬ ಕಲ್ಯಾಣವೇ ಬಿಸಿಲಿನಲ್ಲಿ ಕರಗಿ ತೇಲುತ್ತಿರುತ್ತಿತ್ತು. ಒಳಗೆ ಮಣ್ಣಿನ ತಂಪು, ಅವರ ಉಸಿರು, ಎಲ್ಲೋ ಒಂದು ಪಾರಿವಾಳದ ರೆಕ್ಕೆ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ನನ್ನ ಸೀರೆಯ ಅಂಚು ನೋಡಿ, "ಈಗ ಬಂತ್ರಿ ಬಣ್ಣ. ಹಸರು, ಅದರ ಬಾಜೂಕ ಕುಂಕುಮ ಕೆಂಪು" ಎನ್ನುತ್ತಿದ್ದರು. ಆಗ ನನಗೆ ನನ್ನ ಹಳೆಯ ಸೀರೆಯೂ ಹೊಸದಾಗಿ ಕಾಣುತ್ತಿತ್ತು.

ಈ ಹೊತ್ತಿಗೆ ಕೈಯ ವಿಷಯ ಶುರುವಾಗಿತ್ತು. ಹುಮನಾಬಾದ ಸ್ಟ್ಯಾಂಡಿನ ಚಹಾ ಅಂದರೆ ಗ್ಲಾಸು ಮುಟ್ಟಿದರೆ ಬೊಬ್ಬೆ. ನಾನು ಸೆರಗಿನಲ್ಲಿ ಹಿಡಿದು ಊದುತ್ತಿದ್ದರೆ ಅವರು ಹೂವು ಹಿಡಿದಂತೆ ಹಿಡಿದಿರುತ್ತಿದ್ದರು. ಸಂಜೆ ನೋಡಿದರೆ ಬೆರಳಿಗೆ ನೀರುಗುಳ್ಳೆ. "ಯಾವಾಗ ಸುಟ್ಟಿತು?" ಎಂದರೆ "ನನಗೇನ ಮಾಲೂಮ್?" ಎನ್ನುತ್ತಿದ್ದರು.

ಒಂದು ಸೋಮವಾರ ಮುಡಬಿಯ ಕಡೆಯ ಹೆಣ್ಣುಮಕ್ಕಳು ಗವಿಗಳನ್ನು ನೋಡುತ್ತ ನೋಡುತ್ತ ನಮ್ಮ ಗವಿಗೂ ಬಂದರು. ಕಣ್ಣು ಮುಚ್ಚಿ ಕೂತ ಟೀಚರನ್ನು ಕಂಡು ಮಾತು ನಿಲ್ಲಿಸಿದರು. ಅವರ ಮುಂದೊಂದು ಹಿತ್ತಾಳೆಯ ದೀಪ ಹಚ್ಚಿಟ್ಟು, ಸುತ್ತ ಕೂತು ಭಜನೆ ಹೇಳತೊಡಗಿದರು. ದೀಪ ಉರಿದು ಉರಿದು ಕಾದಿತ್ತು. ಒಬ್ಬ ಮುದುಕಿ ಏಳಲು ಹೋದಾಗ ಸೆರಗು ತಾಗಿ ದೀಪ ಅವಳ ಕಡೆಗೇ ಉರುಳಿತು. ಟೀಚರ್ ಕೈ ಚಾಚಿ ಉರಿಯುವ ದೀಪವನ್ನು ಹಾಗೇ ಬೊಗಸೆಯಲ್ಲಿ ಹಿಡಿದು, ನೆಟ್ಟಗೆ ಮಾಡಿ, ಸಾವಕಾಶವಾಗಿ ಕೆಳಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು "ಕೈ ಸುಟ್ಟಿತಲ್ರಿ!" ಎಂದು ಚೀರಿದೆ. ಅವರು ಯಾರದೋ ಕೈ ನೋಡುವಂತೆ ತಮ್ಮ ಕೈ ನೋಡಿಕೊಂಡರು. ಅಷ್ಟರಲ್ಲಿ ಮುದುಕಿ ಅವರ ಕಾಲ ಮೇಲೆ ಬಿದ್ದಿದ್ದಳು. "ತಾಯೀ, ನಿನಗ ಬೆಂಕಿನೂ ಮುಟ್ಟಂಗಿಲ್ಲ!"

ಬೇರೆ ಊರಾಗಿದ್ದರೆ ಮುಲಾಮು ಹುಡುಕುತ್ತಿದ್ದರು. ಇದು ಕಲ್ಯಾಣ. ಗವಿಯಲ್ಲಿ ಕಣ್ಣು ಮುಚ್ಚಿ ಕೂತವರು ಇಲ್ಲಿ ಸುಮ್ಮನೆ ಸೆಕೆಗೆ ಕೂತಿರಲಾರರು. ಮುಂದಿನ ಸೋಮವಾರ ಗವಿಯ ಮುಂದೆ ಚಪ್ಪಲಿಗಳ ರಾಶಿ. ಆರತಿ, ಕಾಯಿ, ಕರ್ಪೂರ. ಟೀಚರ್ ಕೈಗೆ ಬಟ್ಟೆ ಸುತ್ತಿಕೊಂಡು ಹೊರಗೇ ನಿಂತರು. "ಇಷ್ಟು ದೀಪ ಹಚ್ಚಿದರ ತಂಪು ಎಲ್ಲಿ ಉಳೀತದ್ರಿ?" ಎಂದು ನನ್ನ ಕಿವಿಯಲ್ಲಿ ಹೇಳುವಾಗ ಅವರಿಗೆ ನಗುವೂ ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ನನಗೆ ಆ ಭಕ್ತರನ್ನು ಬೆತ್ತ ಹಿಡಿದು ಓಡಿಸಬೇಕೆನಿಸಿತು. ಇನ್ನು ಈ ಗವಿಗೆ ಬರುವುದೇ ಬೇಡ ಎಂದು ಟೀಚರ್ ಜತೆ ಜಗಳ ತೆಗೆದೆ.

ಸುಟ್ಟ ಕೈ ನೋಡಿದ ದವಾಖಾನೆಯವರು ಮೊದಲು ಕುಷ್ಠವೆಂದು ಸಂಶಯಪಟ್ಟರು. ಕಣ್ಣು ಮುಚ್ಚಿಸಿ ಹತ್ತಿ ಸೋಕಿಸಿದರು. ಟೀಚರ್ ಪ್ರತಿಸಲವೂ "ಇಲ್ಲಿ, ಇಲ್ಲಿ" ಎಂದು ಬರೋಬರ್ ಹೇಳಿದರು. ಬಿಸಿನೀರಿನ ಶೀಸೆ, ತಣ್ಣೀರಿನ ಶೀಸೆ ಇಟ್ಟರೆ ಎರಡೂ ಒಂದೇ ಎಂದರು. ಹಾಗಾಗಿ ಸೋಲಾಪುರಕ್ಕೆ ಕಳಿಸಿದರು. ಅಲ್ಲಿ ಕುತ್ತಿಗೆ, ಬೆನ್ನಿನ ಫೋಟೊ ತೆಗೆದಾಗ ಗೊತ್ತಾಯಿತು: ಬೆನ್ನುಹುರಿಯ ನಟ್ಟನಡುವೆ, ಕುತ್ತಿಗೆಯಿಂದ ಕೆಳಕ್ಕೆ, ನೀರು ತುಂಬಿದ ಉದ್ದನೆಯ ಪೊಳ್ಳು. ಅಲ್ಲಿನ ಸರ್ಜನ್ನರು ಬೆನ್ನು ತೆರೆದು, ಸಣ್ಣ ನಳಿಗೆ ಹಾಕಿ ಆ ನೀರು ಹೊರಗೆ ಬಿಡಬೇಕು ಅಂದರು. ಕೈ ಇನ್ನಷ್ಟು ಕೆಡದಂತೆ ಆಗಬಹುದು. ಉಳಿದ ಸ್ಪರ್ಶವೂ ಹೋಗಬಹುದು, ಎರಡಕ್ಕೂ ತಯಾರಿರಿ ಎಂದರು. ಬಸ್ಸಿನಲ್ಲಿ ಬರುವಾಗ ಟೀಚರ್ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡುತ್ತ, "ಗವಿಗಿ ಹೋಗಬ್ಯಾಡ ಅಂತ ನೀವು ಜಗಳಾಡ್ತೀರಿ. ನೋಡ್ರಿ, ಗವಿನೇ ಒಳಗ ಬಂದು ಕುಂತದ" ಎಂದರು.

ಭಕ್ತರಿಗೆ ತಾನು ಅಮ್ಮನಲ್ಲ, ಬಿಮಾರಿಯವಳು ಎಂದು ತೋರಿಸಲು ಅವರು ಆ ಫಿಲ್ಮನ್ನೇ ಗವಿಗೆ ಒಯ್ದರು. ಬಾಗಿಲ ಬೆಳಕಿಗೆ ಹಿಡಿದು, "ಇದು ನನ್ನ ಬೆನ್ನುಹುರಿ. ಇಲ್ಲಿ ಕೆಟ್ಟದ. ಅದಕ್ಕ ನನಗ ಸುಟ್ಟದ್ದು ಗೊತ್ತಾಗೂದಿಲ್ಲ. ಇದರಾಗ ಪವಾಡ ಏನೂ ಇಲ್ಲರಿ, ಖರೇನ" ಎಂದು ಪಾಠ ಹೇಳುವಂತೆ ಹೇಳಿದರು. ಎಲ್ಲರೂ ತಲೆಯಾಡಿಸಿ ಕೇಳಿದರು. ಆಮೇಲೆ ಮುಡಬಿಯ ಮುದುಕಿ ಮುಂದೆ ಬಂದು ಫಿಲ್ಮಿಗೆ ಕುಂಕುಮ ಹಚ್ಚಿ ಕೈ ಮುಗಿದಳು.

ಆ ಕುಂಕುಮ ಹೈದರಾಬಾದಿಗೂ ಹೋಯಿತು. ಇನ್ನೊಂದು ಮಾತು ಕೇಳೋಣವೆಂದು ನಾವು ಮೂವರು ಅಲ್ಲಿಯ ಹಿರಿಯ ನರರೋಗದ ಡಾಕ್ಟರರ ಬಳಿ ಹೋಗಿದ್ದೆವು: ಟೀಚರ್, ನಾನು, ಅವರ ತೀರಿಹೋದ ಅಣ್ಣನ ಹೆಂಡತಿ. ಟೀಚರ್ ಮದುವೆಯಾಗಿರಲಿಲ್ಲ, ಈ ವೈನಿಯ ಜತೆಗೇ ಇದ್ದರು. ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, "ಇದೇನು ಕಲೆ?" ಎಂದರು. "ಅದು ರೋಗ ಅಲ್ರಿ, ಕುಂಕುಮ" ಎಂದರು ಟೀಚರ್. ಡಾಕ್ಟರು ನಕ್ಕರು, ಅವರ ನಗುವಿನಿಂದ ನನಗೆ ಎಷ್ಟೋ ಧೈರ್ಯ ಬಂತು.

ತಲೆಯ ಫೋಟೊವನ್ನೂ ತೆಗೆಸಿ ನೋಡಿ ಅವರು ಬಿಡಿಸಿ ಹೇಳಿದರು. ಮೂಲ ರೋಗ ಬೇರೆ. ನರಗಳ ಮೇಲಿನ ಹೊದಿಕೆ, ವೈರಿನ ಮೇಲಿನ ರಬ್ಬರಿನಂಥದು, ಮಿದುಳಿನಲ್ಲೂ ಹುರಿಯಲ್ಲೂ ಅಲ್ಲಲ್ಲಿ ಸುಲಿದಿದೆ. ಕಣ್ಣಿನ ಕೆಂಪು ಹೋದದ್ದು, ಬಿಸಿಲಲ್ಲಿ ಕಾಲು ಸೋತದ್ದು, ಬೆನ್ನಿನ ಕರೆಂಟು, ಎಲ್ಲ ಅದರದೇ. ಹುರಿಯೊಳಗೆ ಪೊಳ್ಳಾಗಲು ಬೇರೆ ಕಾರಣಗಳೂ ಇರುತ್ತವೆ. ತಲೆಯ ಬುಡದಲ್ಲಿ ಇಕ್ಕಟ್ಟಾಗಿದ್ದರೆ, ಪೆಟ್ಟು ಬಿದ್ದಿದ್ದರೆ, ಗಡ್ಡೆ ಇದ್ದರೆ ಕೊಯ್ಯುವುದು ಸರಿ. ಇವರಲ್ಲಿ ಅವು ಯಾವುವೂ ಕಾಣುವುದಿಲ್ಲ. ಈ ರೋಗ ಇರುವ ಕೆಲವರಲ್ಲಿ ಇಂಥ ಪೊಳ್ಳು ಸಿಗುತ್ತದೆ, ಎಷ್ಟೋ ಸಲ ಅದು ಹಾಗೇ ಸುಮ್ಮನೆ ಇದ್ದುಬಿಡುತ್ತದೆ. ಮೊದಲು ರೋಗಕ್ಕೆ ಮದ್ದು ಕೊಡೋಣ, ಕೆಲಕಾಲ ಬಿಟ್ಟು ಮತ್ತೆ ಫೋಟೊ ತೆಗೆಯೋಣ, ಬೆಳೆದಿದ್ದರೆ ಆಗ ಯೋಚಿಸೋಣ ಎಂದರು. ಬೆಳೆಯುವುದಿಲ್ಲವೆಂದು ಭರವಸೆ ಕೊಡಲಾರೆ ಎಂದೂ ಹೇಳಿದರು. ಬಿಸಿ, ನೋವು ಒಯ್ಯುವ ಎಳೆಗಳು ಹುರಿಯ ನಡುವೆ ಅಡ್ಡ ದಾಟುತ್ತವೆ, ಪೊಳ್ಳು ಅಲ್ಲೇ ಇದೆ. ಮುಟ್ಟಿದ್ದನ್ನು ತಿಳಿಸುವ ಎಳೆಗಳು ಹಿಂಬದಿಯಲ್ಲಿ ಹೋಗುತ್ತವೆ, ಅವು ಇನ್ನೂ ಚೆನ್ನಾಗಿವೆಯಂತೆ. ಟೀಚರ್ ಗಾಳಿಯಲ್ಲಿ ಬೆರಳಾಡಿಸಿ ಅರ್ಥ ಮಾಡಿಕೊಂಡರು. "ಅಂದ್ರ ನದಿ ದಾಟೋ ಪೂಲು ಬಿದ್ದದ, ದಂಡಿ ರಸ್ತಾ ಛಲೋ ಅದ. ಅಲ್ಲೇನ್ರಿ?"

ಮರಳುವ ಬಸ್ಸಿನಲ್ಲಿ ಮೊದಲ ಬಾರಿಗೆ ನನಗೆ ನಿದ್ದೆ ಬರಲಿಲ್ಲ. ವೈನಿ ಅಳುತ್ತ, "ಸೋಲಾಪುರದಾಗ ಕೊಯ್ಸಿಬಿಡು. ನೀರು ಹೋಗಲಿ ಒಮ್ಮೆ" ಎನ್ನುತ್ತಿದ್ದರು. ನನಗೆ ಯಾವ ಕಡೆಯೂ ಗಟ್ಟಿ ಹೇಳಲಾಗಲಿಲ್ಲ, ಹೇಳಲಾಗದ್ದಕ್ಕೆ ಕಂಡಕ್ಟರನ ಮೇಲೆ ರೇಗಿದೆ. ಜಹೀರಾಬಾದ ದಾಟಿದ ಮೇಲೆ ಟೀಚರ್ ಪರ್ಸಿನಿಂದ ಖಡುವಿನ ತುಂಡೊಂದನ್ನು ತೆಗೆದು, ಕಣ್ಣು ಮುಚ್ಚಿ ಬೆರಳುಗಳ ನಡುವೆ ಹೊರಳಿಸುತ್ತ ಕೂತರು. "ಬಿಸಿ ಹೋದರ ಹೋಗಲಿ ವೈನಿ, ಚಹಾ ಆರಿಸಿ ಕುಡೀತೇನಿ. ಖಡು ಹಿಡದದ್ದು ಮಾತ್ರ ನನಗ ಗೊತ್ತಾಗಬೇಕು. ಅದು ಗೊತ್ತಾಗದ ದಿನ ನಾ ಟೀಚರ್ ಅಲ್ಲ. ಈಗ ಕೊಯ್ಸೂದು ಬ್ಯಾಡ. ನೋಡೋಣಂತ." ಅಷ್ಟೇ. ಖಡುವನ್ನು ಮತ್ತೆ ಪರ್ಸಿಗೆ ಹಾಕಿದರು.

ಎರಡನೆಯ ಫೋಟೊ ತೆಗೆಸುವವರೆಗಿನ ಆ ಕಾಲ ಹೇಗೆ ಕಳೆಯಿತೋ. ಅವರು ಬೋರ್ಡಿನ ಮೇಲೆ ಗೆರೆ ಎಳೆಯುವಾಗಲೆಲ್ಲ, ಅದು ಕೂಡುವವರೆಗೆ ನಾನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಭಕ್ತರನ್ನು ಮಾತ್ರ ಅವರೇ ನಿಭಾಯಿಸಿದರು. "ಬಂದೀರಿ, ಕೂಡ್ರಿ" ಎಂದು ಗವಿಯ ನೆಲದ ಮೇಲೆ ವಿಭೂತಿಯಲ್ಲೇ ನಕ್ಷೆ ಬರೆದು ನದಿ, ಜಿಲ್ಲೆ ಕಲಿಸತೊಡಗಿದರು. ಮುಂದಿನ ವಾರ ಪ್ರಶ್ನೆ ಕೇಳುತ್ತೇನೆ ಎಂದರು. ಭಕ್ತಿ ಬಹಳ ಬೇಗ ಕರಗಿತು. ಮುಡಬಿಯ ಮುದುಕಿ ಮಾತ್ರ ಬಹಳ ದಿನ ಬರುತ್ತಿದ್ದಳು. ಮುಡಬಿ ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಕಲಿತಳು.

ಎರಡನೆಯ ಫೋಟೊ ತೆಗೆಸಿ ಹೈದರಾಬಾದಿನಿಂದ ಬಂದ ಮರುದಿನ ಟೀಚರ್ ಸ್ಟಾಫ್ ರೂಮಿಗೆ ಪೇಢೆ ತಂದರು. "ಗವಿ ಬೆಳದಿಲ್ಲರಿ! ಹೋದ ಸಲ ಎಷ್ಟಿತ್ತೋ ಅಷ್ಟೇ ಅದ!" ಎಂದು ಎಲ್ಲರಿಗೂ ಹಂಚಿದರು. ಹೆಡ್‌ಮಾಸ್ತರರಿಗೆ ಯಾವ ಗವಿ ಎಂದು ತಿಳಿಯದಿದ್ದರೂ ಎರಡು ಪೇಢೆ ತಿಂದರು. ನಾನು ಹೊರಗೆ ನಲ್ಲಿಯ ಹತ್ತಿರ ಹೋಗಿ ಮನಸಾರೆ ಅತ್ತೆ.

ಗವಿ ಸುಮ್ಮನೆ ಇದ್ದರೂ ಮೂಲ ರೋಗ ಸುಮ್ಮನಿರಲಿಲ್ಲ. ಒಮ್ಮೊಮ್ಮೆ ಕೆರಳುತ್ತಿತ್ತು, ಸಲೈನಿನಲ್ಲಿ ಮದ್ದು ಬಿಟ್ಟರೆ ಇಳಿಯುತ್ತಿತ್ತು, ಇಳಿಯುವಾಗ ಏನನ್ನಾದರೂ ಒಯ್ಯುತ್ತಿತ್ತು. ಹೊಸ ಶತಮಾನ ಬಂದ ಮೇಲೆ ಕೈಗೆ ಕೋಲು ಬಂತು, ಆಮೇಲೆ ಕುರ್ಚಿ. ಕುರ್ಚಿಯಲ್ಲಿ ಕೂತೇ ಬೋರ್ಡಿನ ಕೆಳಗಿನ ಅರ್ಧದಲ್ಲಿ ನಕ್ಷೆ ಬರೆಯುತ್ತಿದ್ದರು, ರಾಜ್ಯ ಸಣ್ಣದಾಗಿತ್ತು, ಗೆರೆ ಕೂಡುತ್ತಿತ್ತು. ಕಣ್ಣು ತೀರ ಮಂಜಾದ ಮೇಲೆ ಕೆಲಸ ಬಿಟ್ಟರು. ನಾನು ಒಬ್ಬಳೇ ಬಸ್ಸಿನಲ್ಲಿ ಹೋಗತೊಡಗಿದೆ. ಮೊದಲ ವಾರದಲ್ಲೇ ಒಂದು ದಿನ ಕಲ್ಯಾಣ ಬಂದದ್ದು ತಿಳಿಯದೆ ಡಿಪೋವರೆಗೆ ಹೋಗಿದ್ದೆ. ಬಸ್ಸು ತೊಳೆಯುವವನು ಎಬ್ಬಿಸಿದ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಒಂದು ಚಳಿಗಾಲದ ಬೆಳಿಗ್ಗೆ, ಹುಮನಾಬಾದಿನ ಅವರ ಮನೆಯಲ್ಲಿ. ಆ ವರ್ಷದ ಬೇಸಿಗೆಯನ್ನು ಅವರು ಕಾಣಲಿಲ್ಲ. ಕಿಟಕಿಯ ಪಕ್ಕ ಮಂಚ. ಕಾಲು ಅಲುಗುತ್ತಿರಲಿಲ್ಲ, ಕಣ್ಣಿಗೆ ಬೆಳಕು, ನೆರಳು ಅಷ್ಟೇ. ವೈನಿ ಚಹಾ ಆರಿಸಿ ಕುಡಿಸಿದರು. ನಾನು ಸಾಲೆಯ ಸುದ್ದಿ ಹೇಳಿದೆ. ಹೊಸ ಭೂಗೋಳದ ಟೀಚರ್ ಅಂಗಡಿಯಿಂದ ತಂದ ಬಣ್ಣದ ನಕ್ಷೆ ತೂಗುಹಾಕುತ್ತಾರೆ ಎಂದಾಗ, "ಹ್ಯಾಂಗಾರ ಇರಲಿ, ಔರಾದ ಮ್ಯಾಲ ಅದ ಇಲ್ಲೋ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೈ ಚಾಚಿ ಅಂಗೈ ಬಿಚ್ಚಿದರು. ದೀಪದ ಹಳೆಯ ಕಲೆ ಅಲ್ಲಿತ್ತು. "ಒಂದು ನಕಾಶಿ ತಗೀರಿ" ಎಂದರು.

"ನನಗ ಬರಂಗಿಲ್ಲ, ನಿಮಗ ಗೊತ್ತದ."

"ದಿನಾ ಬಾಗಲಾಗ ನಿಂತು ನೋಡಿದ್ದು ಸುಮ್ಮನ ಹೋಯ್ತೇನು? ತಗೀರಿ. ಬೆರಳು ಎತ್ತಬ್ಯಾಡ್ರಿ."

ಬೆರಳ ಬುಡದ ಹತ್ತಿರ ಔರಾದನ್ನಿಟ್ಟು ಹೊರಟೆ. ಅವರು ಕಣ್ಣು ಮುಚ್ಚಿದ್ದರು. "ಬೀದರ," ಎಂದರು. ನಾನು ಇಳಿದೆ. "ರಾಯಚೂರು... ಬಳ್ಳಾರಿ... ಜರಾ ಒಳಗ ತಗೋರಿ, ಆಂಧ್ರ ಸೇರಿಬಿಟ್ರಿ." ತಿದ್ದಿಕೊಂಡೆ. ಕೋಲಾರ ಬಂತು, ಮಣಿಕಟ್ಟಿನ ಹತ್ತಿರ ಕೊಡಗು ಬಂತು. ಸಮುದ್ರದ ದಂಡೆಯಲ್ಲಿ ಬೆರಳು ಮೆಲ್ಲಗೆ ಮೇಲೇರುವಾಗ ಅವರು ಉಸಿರು ಬಿಟ್ಟು ಸುಮ್ಮನಾದರು. ನಿದ್ದೆ ಹತ್ತಿತೇನೋ ಎಂದುಕೊಂಡೆ. ಕಿಟಕಿಯ ಗಾಜಿಗೆ ಹಬೆ ಹಿಡಿದಿತ್ತು, ನನಗೂ ಕಣ್ಣು ಮಂಜಾಗಿ, ನಾವಿಬ್ಬರೂ ಎಲ್ಲೋ ಹೋಗುತ್ತಿದ್ದೇವೆ ಅನಿಸಿತು. "ಬೆಳಗಾವಿ," ಎಂದರು. "ಬಿಜಾಪುರ. ಆಳಂದ."

ಇನ್ನು ಸ್ವಲ್ಪವೇ ಉಳಿದಿತ್ತು. ಕಲ್ಯಾಣ, ಭಾಲ್ಕಿ, ಔರಾದ, ಗೆರೆ ಕೂಡಿಬಿಡುತ್ತಿತ್ತು. ಅಷ್ಟರಲ್ಲಿ ಅವರ ಬೆರಳುಗಳು ಒಂದೊಂದಾಗಿ ಮಡಚಿ ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದವು.

"ಏಳ್ರಿ," ಎಂದರು ಕಣ್ಣು ತೆರೆಯದೆ. "ಕಲ್ಯಾಣ ಬಂತು. ಇಳೀರಿ, ಸಾಲಿ ಹೊತ್ತಾಗ್ತದ."

ಅವರ ಮುಷ್ಟಿ ಬೆಚ್ಚಗಿತ್ತು. ಆ ಬಿಸಿ ಅವರಿಗೆ ಗೊತ್ತಾಗುವಂತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು, ನಾನು ಬೆರಳು ತೆಗೆಯಲಿಲ್ಲ.